ನಾಯಿಮರಿ ಕೂಳು

ಹೆಸರು ಕೇಳಿ ಮೊದಲ ವರ್ಷ ನಾನು
ಆ ಬೋಗುಣಿಗೆ ಕೈಯನ್ನೇ ಹಾಕಿರಲಿಲ್ಲ.
ಪಪ್ಪಿ ಚೌ, ತಿನ್ನು, ಎಂದಿದ್ದಳು ವರ್ನೀಟಾ.
ನಾಯಿಮರಿಯ ಕೂಳನ್ನು ಮನುಷ್ಯರ ಮೇಜಿಗಿಡುವ
ಊರಿಗೆ ಬಂದೆನಲ್ಲಪ್ಪ ಎಂದುಕೊಂಡು
ನಿಂಬೆ ಪಾನಕ ಮಾತ್ರ ಕುಡಿದು ಬಂದಿದ್ದೆ.

ಈಗ ಆಟಮ್ವಾದಲ್ಲಿ ನನ್ನ ಆರನೇ ಮೇ ತಿಂಗಳು.
ಅವಳ ಮೊಮ್ಮಗ ಕೋಲ್ಟನ್ ಹೈಸ್ಕೂಲು ಮುಗಿಸಿದ್ದಾನೆ.
ಗ್ಯಾರೇಜಿನಿಂದ ಕಾರು ಹೊರಗೆ, ನೆಲಕ್ಕೆ ಪೈಪಿನ ನೀರು,
ಚರ್ಚಿನಿಂದ ಎರವಲು ತಂದ ಮಡಚು ಮೇಜು ಆರು,
ಎಣ್ಣೆ ಕಲೆ ಕಾಣದಂತೆ ಮೇಲೊಂದು ಚಾಪೆ.
ನೂರಿಪ್ಪತ್ತು ಜನ ಬರ್ತಾರೆ, ಹನಿ, ಎನ್ನುತ್ತಾಳೆ.
ಹನಿ ಎಂದರೆ ಅವಳಿಗೆ ಜೇನು,
ನನಗೆ ಬರೀ ಒಂದು ತೊಟ್ಟು.
ಎರಡಕ್ಕೂ ಓಗೊಟ್ಟು ರೂಢಿಯಾಗಿದೆ.

ಚೆಕ್ಸ್ ಡಬ್ಬಿ ಒಡೆದು ದೊಡ್ಡ ಪಾತ್ರೆಗೆ ಸುರಿದೆ.
ಅಕ್ಕಿಯದು, ಚೌಕ ಚೌಕ, ಒಳಗೆಲ್ಲ ಗಾಳಿ.
ಸುರಿಯುವಾಗಿನ ಆ ಸರಬರ ಸದ್ದಿಗೆ
ದಾವಣಗೆರೆಯ ಮಂಡಕ್ಕಿ ಭಟ್ಟಿ
ಹೊಗೆ ಹಿಡಿದ ಗೋಡೆ ಸಮೇತ
ಬಂದು ನಿಂತಿತು ಅಡುಗೆಮನೆಯಲ್ಲಿ.
ಕಾದ ಮರಳಿನಲ್ಲಿ ಅಕ್ಕಿ ಅರಳುತ್ತಿದ್ದರೆ
ಅವ್ವ ಜರಡಿ ಹಿಡಿದು ನಿಂತಿರುತ್ತಿದ್ದಳು, ಹುಬ್ಬಿನ ತುಂಬ ಬೂದಿ.
ತನಗಿಂತ ದೊಡ್ಡ ಚೀಲ ತಲೆ ಮೇಲಿಟ್ಟು ನಡೆವಾಗ
ಯಾರಾದರೂ ಅಯ್ಯೋ ಎಂದರೆ,
ಗಾಳಿ ಹೊತ್ತೀನಿ, ಇರ್ಲಿ ಬಿಡ್ರಿ, ಎನ್ನುವಳು.

ಚಾಕಲೇಟು, ಬೆಣ್ಣೆ, ಶೇಂಗಾ ಬೆಣ್ಣೆ.
ಮೈಕ್ರೋವೇವಿನಲ್ಲಿ ಒಂದು ನಿಮಿಷ, ತೆಗೆದು ಕಲಕಿ, ಇನ್ನರ್ಧ.
ಕೈ ಸುಮ್ಮನಿರಲಿಲ್ಲ;
ಎರಡು ಬೆರಳ ನಡುವೆ ಹಿಡಿದು ಪಾಕ ನೋಡಿದೆ.
ಎಳೆ ಬರಲೇ ಇಲ್ಲ, ಬೆರಳೆಲ್ಲ ಕೆಸರು.
ಪರೀಕ್ಷೆ ಏನೂ ಇಲ್ಲ, ನೆಕ್ಕಿಬಿಡು, ಎಂದಳು.
ನೆಕ್ಕಿದೆ.
ಶೇಂಗಾದ ಉಪ್ಪು ಕೊನೆಗೆ ಬಂತು,
ತಡವಾಗಿ ಬಂದ ನೆಂಟನ ಹಾಗೆ.

ಮಲಗುವ ಕೋಣೆಯ ಬಾಗಿಲಾಚೆ ಡೀಕನ್,
ಹನ್ನೊಂದು ವರ್ಷದ ಬೀಗಲ್, ಕುಂಯ್‌ಗುಡುತ್ತಿತ್ತು.
ಚಾಕಲೇಟು ಅದಕ್ಕೆ ವಿಷ.
ಹೆಸರು ಅದರದು, ಊಟ ನಮ್ಮದು.

ಕಿರಾಣಿ ಅಂಗಡಿಯ ಕಾಗದದ ಚೀಲ, ಒಂದರೊಳಗೊಂದು.
ಮೆತ್ತಿಕೊಂಡ ಚೌಕಗಳ ಮೇಲೆ ಸಕ್ಕರೆ ಹಿಟ್ಟು ಸುರಿದು
ಬಾಯಿ ಮಡಚಿದೆ.
ಕೊಡಿಲ್ಲಿ, ಎಂದಳು ವರ್ನೀಟಾ.

ಎರಡು ವರ್ಷದಿಂದ ಅವಳ ಬಲಗೈ ಅವಳ ಮಾತು ಕೇಳುತ್ತಿಲ್ಲ.
ಚಮಚ ತುಟಿ ಮುಟ್ಟುವಷ್ಟರಲ್ಲಿ ಸೂಪು ಎದೆಗೆ.
ಚೆಕ್ಕಿನ ಸಹಿ ನಿಮ್ಮದೇನಾ ಎಂದು
ಬ್ಯಾಂಕಿನಿಂದ ಫೋನು.
ಈ ಕೈಗೆ ಇಡೀ ಅಯೋವಾದಲ್ಲಿ ಉಳಿದಿರೋ ನೌಕರಿ ಇದೊಂದೇ
ಎಂದು ಚೀಲವನ್ನು ಮಗುವಿನಂತೆ ತೊಡೆಗೇರಿಸಿಕೊಂಡಳು.
ಅಲುಗಿಸಲಿಲ್ಲ. ಸುಮ್ಮನೆ ಕೂತಳು.
ಚೀಲ ತಾನೇ ಅಲುಗಿತು.
ಒಳಗೆ ಸಣ್ಣಗೆ ಗಲಗಲ, ಬಿಡುವಿಲ್ಲದೆ,
ಗೋಡೆ ಗಡಿಯಾರ ಐದು ನಿಮಿಷ ದಾಟುವವರೆಗೆ.
ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ.
ಅವಳೇ ಮೊದಲು ನಕ್ಕಳು,
ಮಡಿಕೆ ಬಿಚ್ಚಿ ಬಿಳಿ ಪುಡಿ ಭುಸ್ಸೆಂದು ಹಾರಿ
ಕನ್ನಡಕ ಎರಡೂ ಕಣ್ಣು ಮುಚ್ಚಿತು.

ಮೇಣದ ಕಾಗದದ ಮೇಲೆ ಹರವಿದೆವು.
ಒಂದೂ ಒಂದಕ್ಕೆ ಅಂಟಿರಲಿಲ್ಲ.
ನಾನು ಮಾಡಿದಾಗ ಯಾವತ್ತೂ ಹೀಗಾಗಿಲ್ಲ.

ಮೂರು ಗಂಟೆಗೆ ಕೋಲ್ಟನ್ ಕರಿ ಗೌನು ತೊಟ್ಟು
ಫೋಟೋಕ್ಕೆಂದು ಗ್ಯಾರೇಜಿಗೆ ಬಂದ.
ಬಾಗಿ ಅಜ್ಜಿಯನ್ನು ತಬ್ಬಿದ.
ಎದ್ದು ತಿರುಗಿದಾಗ ಬೆನ್ನ ಮೇಲೆ
ಮೂರು ಬೆರಳು, ಮೂರು ಬಿಳಿ ಗೆರೆ,
ಸೊಟ್ಟ, ನಡುನಡುವೆ ನಡುಗಿದ ವಿಭೂತಿ.

ಯಾರೋ ಚಿಕ್ಕಮ್ಮ ಟಿಶ್ಯೂ ಹಿಡಿದು ಓಡಿ ಬಂದರು.
ಇರ್ಲಿ ಬಿಡ್ರಿ, ಎಂದೆ,
ಕನ್ನಡದಲ್ಲೇ ಬಂದುಬಿಟ್ಟಿತು.
ಅವರು ನಿಂತರು.