ಅಕ್ಕಿ ಎಷ್ಟು, ಗಾಳಿ ಎಷ್ಟು

ಭಟ್ಟಿ ಮುರಿಗೆಪ್ಪನವರು ಕನ್ನಡಕ ಹಣೆಗೇರಿಸಿ
ನನ್ನ ಕೊಟೇಶನ್ ಹಾಳೆಯನ್ನು
ಮೊರ ಹಿಡಿದ ಹಾಗೆ ಒಮ್ಮೆ ಕೇರಿದರು.
"ಥಾಯ್ಲೆಂಡು, ನಾಲ್ಕು ರಾತ್ರಿ, ಮೂರು ರೌಂಡು,
ತಲೆಗೆ ತೊಂಬತ್ತೆರಡು ಸಾವಿರ.
ಇದ್ರಾಗೆ ಅಕ್ಕಿ ಎಷ್ಟು, ಗಾಳಿ ಎಷ್ಟು, ಹೇಳಪ್ಪ."

ಮಂಡಿಪೇಟೆಯ ಮಹಡಿ. ಕೆಳಗೆ ಹಮಾಲರ ಕೈಗಾಡಿ,
ಮೇಲೆ ಫ್ಯಾನು, ಎರಡಕ್ಕೂ ಒಂದೇ ಕಿರುಗುಟ್ಟು.
ನಾನು ದಲ್ಲಾಳಿ ಬುಡೇನ್‌ಸಾಬರ ಮಗ.
ದನದ ಸಂತೆಯಲ್ಲಿ ಅಪ್ಪ ಬಾಯಿಬಿಟ್ಟು ದರ ಹೇಳಿದ್ದು
ಕೇಳಿದವರಿಲ್ಲ. ಟವೆಲ್ಲಿನ ಕೆಳಗೆ ಎರಡು ಕೈ,
ಒತ್ತಿದ ಬೆರಳು ಸಾವಿರ, ಮಡಚಿದ ಗೆಣ್ಣು ಐನೂರು;
ಎತ್ತು ಮಾತ್ರ ಹೊರಗೆ ನಿಂತು ಮೆಲುಕು ಹಾಕುತ್ತಿತ್ತು.
ಪ್ಯಾಕೇಜು ಅಂದರೂ ಟವೆಲ್ಲೇ.
ಬಿಚ್ಚಿದೆ.

ಗ್ರೀನ್ ಫೀ ಅಂದರೆ ಹುಲ್ಲಿನ ಬಾಡಿಗೆ.
"ಮೇಯೋಕಲ್ಲ, ಬರೀ ತುಳಿಯೋಕೆ?"
ತುಳಿಯೋಕೆ. ಶನಿವಾರ ಭಾನುವಾರ ಅದೇ ಹುಲ್ಲು ಒಂದೂವರೆ ಪಟ್ಟು.
ಬೆಳಿಗ್ಗೆ ಏಳಕ್ಕೆ ಚೆಂಡು ಹೊಡೆದರೆ ಪೂರ್ತಿ ದರ,
ಮಟಮಟ ಮಧ್ಯಾಹ್ನ ಇಳಿದರೆ ಮೂರರಲ್ಲೊಂದು ಪಾಲು ಬಿಡುತ್ತಾರೆ,
ಬಿಸಿಲಿಗೆ.
"ಬಿಸಿಲಿಗೆ ರಿಯಾಯಿತಿ!" ನಕ್ಕಾಗ ಹಲ್ಲಿನ ಬಂಗಾರ ಕಂಡಿತು.
"ಭಟ್ಟಿ ಮುಂದೆ ನಲವತ್ತು ವರ್ಷ ನಿಂತೀನಿ,
ಆ ಲೆಕ್ಕಕ್ಕೆ ಅವರೇ ನನಗೆ ಕೊಡಬೇಕು. ಬರಿ, ಮಧ್ಯಾಹ್ನ."

ಬರೆದೆ. ಕ್ಯಾಡಿ ಕಡ್ಡಾಯ; ಅವಳ ಕೂಲಿ ಒಳಗೆ, ಭಕ್ಷೀಸು ಹೊರಗೆ.
ಮಳೆ ಬಂದು ಆಟ ನಿಂತರೆ ದುಡ್ಡು ಮಳೆಯದು.
ವ್ಯಾನಿನ ಬಾಡಿಗೆ ನಾಲ್ವರಿಗೆ ಹಂಚಿದ್ದು,
ಮೊಣಕಾಲು ಕೊಯ್ಯಿಸಿಕೊಂಡ ಕಲ್ಲೇಶಿ ಬರದಿದ್ದರೆ
ಅವನ ಪಾಲು ಮೂವರ ಹೆಗಲಿಗೆ.
ಮತ್ತೆ, ಮೂವರು ಅಂದರೆ ಒಬ್ಬರಿಗೆ ರೂಮಿನಲ್ಲಿ ಜೊತೆಯಿಲ್ಲ,
ಅದಕ್ಕೆ ಹದಿನಾಲ್ಕು ಸಾವಿರ ಬೇರೆ.

"ಒಬ್ಬನೇ ಮಲಗೋದಕ್ಕೂ ದಂಡ."
ಅದು ಪ್ರಶ್ನೆಯಲ್ಲ. ಶಿವಲೀಲಮ್ಮ ಹೋಗಿ
ಈ ಕಾರ್ತಿಕಕ್ಕೆ ಆರು ವರ್ಷ.
ಹಾಳೆಯ ಅಂಚನ್ನು ಉಗುರಿನಲ್ಲಿ ತೀಡುತ್ತ ಕೂತರು.
ಕೆಳಗೆ ಯಾರೋ ಚೀಲ ಎಣಿಸುತ್ತಿದ್ದರು,
ಹದಿನೇಳು, ಹದಿನೆಂಟು.
"ಆ ರೂಮು ನನಗೇ ಇರಲಿ. ನನಗೆ ರೂಢಿ."

ಬಿಡಿಬಿಡಿಯಾಗಿ ಕೂಡಿದರೆ ಒಂದು ಮೊತ್ತ,
ಹಾಳೆಯ ತಳದಲ್ಲಿ ಇನ್ನೊಂದು.
ನಡುವಿನ ಸಂದಿಯನ್ನು ಇಬ್ಬರೂ ನೋಡಿದೆವು.
ತೆರಿಗೆ ಅನ್ನಬಹುದಿತ್ತು. ಅನ್ನಲಿಲ್ಲ.
ಹೆಗಲ ಟವೆಲ್ ಎಳೆದು ನನ್ನ ಕೈಮೇಲೆ ಹಾಕಿದರು,
ಕೆಳಗೆ, ಬಿಸಿ ಮರಳಲ್ಲಿ ಬಲಿತ ಬೆರಳು.
ಒಂದು ಒತ್ತಿದರು.
ಎರಡು ಒತ್ತಿದೆ.
ತುಸು ತಡೆದು, ಗೆಣ್ಣು ಮಡಚಿದರು.
ಹೂಂ ಅಂದೆ.

"ನಿಮ್ಮಪ್ಪ ಇಷ್ಟು ಬೇಗ ಸೋಲ್ತಿರಲಿಲ್ಲ," ಅಂದು ಎದ್ದು,
ಮೆಟ್ಟಿಲ ಬಳಿ ತಿರುಗಿ ನಿಂತರು:
"ಅಲ್ಲಿ ಟವೆಲ್ಲು ಅವರೇ ಕೊಡ್ತಾರಾ?"
ಕೊಡ್ತಾರೆ ಕಾಕಾ. ಅದು ಒಳಗೇ ಇದೆ.