ಉಣಕಲ್ಲ ದಂಡಿ, ರಾತ್ರಿಪಾಳಿ

ವಾರಕ್ಕೊಂದು ರಾತ್ರಿ ನನಗ ರಜಾ.
ಆ ರಾತ್ರೀನೂ ನಿದ್ದಿ ಬರೂದಿಲ್ಲ,
ಮೈಗೆ ಎಚ್ಚರ ಇರೂದು ರೂಢಿ ಆಗೇತಿ.
ಅದಕ್ಕ ಗಾಳ ತಗೊಂಡು ಉಣಕಲ್ಲ ಕೆರಿ ಹಿಂದಿನ ದಂಡಿಗೆ ಬರ್ತೀನಿ,
ಜೋಳದ ಹಿಟ್ಟಿಗೆ ಬೆಲ್ಲ, ಚೂರು ಇಂಗು ನಾದಿ
ಎಲಿಅಡಕಿ ಡಬ್ಬಿಯಾಗ ತುಂಬಿ.

ದಾರಾ ನೀರಾಗ ಹ್ವಾದ ಮ್ಯಾಲ
ಮನಷಾಗ ಉಳಿಯೂ ಕೆಲಸ ಒಂದ:
ಬಿಗಿ ನೋಡಿಕೊಳ್ಳೂದು.
ಭಾಳ ಜಗ್ಗಿ ಹಿಡದ್ರ ಮೀನಕ್ಕ ನಿನ್ನ ಕೈ ಗೊತ್ತಾಗಿ
ಬಾಯಿಗೆ ಬಂದ ಹಿಟ್ಟು ಉಗಳಿ ಹೊಕ್ಕೈತಿ.
ಸಡಲ ಬಿಟ್ರ, ಅದು ತಿಂದದ್ದು ನಿನಗ ತಿಳಿಯೂದಿಲ್ಲ.

ನಮ್ಮಪ್ಪ ತಂಗೂಸಿ ಕಾಲಿನ ಹೆಬ್ಬಟ್ಟಿಗೆ ಸುತ್ತಿ ಮಲಗತಿದ್ದ.
ಒಂದು ಸಲ ಬಾಳಿಮೀನು ಅವನ್ನ ಮೊಣಕಾಲತನಕ ನೀರಿಗೆ ಎಳದಿತ್ತಂತ;
ಆ ಕತಿಯೊಳಗ ಮೀನು ವರ್ಷಾ ವರ್ಷಾ ಬೆಳೀತು.
ಸೋದರಮಾವ ಗಿಡ್ಡಪ್ಪ ಎತ್ತಿನ ಕೊರಳ ಗೆಜ್ಜಿ ಬಿಚ್ಚಿ
ಬಿದರ ಕೋಲಿನ ತುದಿಗೆ ಕಟ್ಟತಿದ್ದ.
ಗಾಳಿ ಬಿಟ್ರ ದಂಡಿ ಮ್ಯಾಲ ರಾತ್ರಿಯೆಲ್ಲಾ
ಇಲ್ಲದ ಎತ್ತು ಓಡಾಡತಿತ್ತು.

ನನ್ನದು ಬ್ಯಾರೆ.
ತಾರೀಖು ಮುಗದ ಸಲೈನ್ ಸೆಟ್ಟು,
ಸ್ಟೋರಿನ ಸುಗಂಧಾ ಸಿಸ್ಟರ್ ಬಿಸಾಕು ಅಂತ ಕೊಟ್ಟಿದ್ರು.
ಬಿಸಾಕಲಿಲ್ಲ.
ನಳಿಗಿ ಹಿಚಕೂ ಬಿಳಿ ಗಾಲಿ ಇರತೈತಲ್ಲ,
ಅದನ್ನ ಕೋಲಿಗೆ ಕಟ್ಟೇನಿ, ದಾರಾ ಅದರಾಗಿಂದ ಹಾಯತೈತಿ,
ಹೆಬ್ಬಟ್ಟಿಲೆ ಕೂದಲೆಳಿಯಷ್ಟು ಸರಿಸಿದ್ರ ಸಾಕು.
ಹನಿ ಬೀಳೂ ಬುಡ್ಡಿಗೆ ಅರ್ಧ ನೀರು ತುಂಬಿ
ಎರಡು ಗೂಟದ ನಡುವ ದಾರಕ್ಕ ಜೋತು ಬಿಟ್ಟೇನಿ.
ಮೀನು ಎಳದ್ರ ಬುಡ್ಡಿ ಏರತೈತಿ,
ನನ್ನ ಕಡೆ ಈಜಿ ಬಂದ್ರ ಇಳೀತೈತಿ.
ಸಪ್ಪಳಿಲ್ಲ. ಬೆಳದಿಂಗಳಿದ್ರ ಆತು.
ನಿಮಿಷಕ್ಕ ಎಷ್ಟು ಹನಿ ಅಂತ
ಹತ್ತೊಂಬತ್ತು ವರ್ಷ ನೋಡಿದ ಕಣ್ಣಿಗೆ
ಇದೇನು ಹೊಸಾದಲ್ಲ.

ಹ್ವಾದ ಶನಿವಾರ ವಿಠ್ಠಲಸಾ ಮೆಹರವಾಡೆ ಬಂದ.
ಬಗಲಾಗ ಹೊಸಾ ಡಬ್ಬಿ, ಅಳಿಯ ಪುಣೆಯಿಂದ ತಂದದ್ದು.
ದಾರಾ ಒಂದು ಸಣ್ಣ ಚಕ್ರದ ಮ್ಯಾಲೆ ಹಾಯಿಸೂದು, ಅಷ್ಟ.
"ಮೀನು ಮುಟ್ಟಿದ್ರ ಇದ ಹೇಳತೈತ್ರಿ, ಆರಾಮ ಮಲಕೋರಿ"
ಅಂದವನ ಪೊಟ್ಟಣದ ಗಿರ್ಮಿಟ್ಟು ಮುಗಿಸಿ
ಶಾಲು ಹೊದ್ದು ಗೊರಕಿ ಹೊಡದ.
ಹಸರ ದೀಪ, ಮಿಂಚುಹುಳದಂಗ.

ಎರಡೂವರಿ ಸುಮಾರಿಗೆ
ಪೀಂ.
ಪೀಂ ಪೀಂ.
ಆಮ್ಯಾಲೆ ಉಸರ ತಗೊಳ್ಳದ ಒಂದ ಗೆರಿ.

ಎದ್ದು ಓಡಿಬಿಟ್ಟೆ.
ಕೆರಿ ಕಡೆ ಅಲ್ಲ.
ಬರಿಗಾಲಿಲೆ ಏರಿ ಹತ್ತಿ, ಡಾಂಬರ ರಸ್ತೆ ಕಡೆ,
ಬಾಯಾಗ "ಸಿಸ್ಟರ್, ಹದಿನಾರು! ಸಿಸ್ಟರ್, ಹದಿನಾರು!"
ಲಾರಿ ಬೆಳಕು ಮಾರಿಗೆ ಬಡದಾಗ ನಿಂತೆ.

ಹದಿನಾರನೇ ಬೆಡ್ಡಿನ ಹುಡುಗ ಅಣ್ಣಿಗೇರಿ ಕಡೆಯವ.
ಎರಡು ವರ್ಷದ ಹಿಂದಿನ ಮಾತು.
ಅವತ್ತು ನಾ ಚಾ ಕುಡ್ಯಾಕ ಹೋಗಿದ್ದೆ.
ಭಾಳ ಸುಡತಿತ್ತು,
ಬಸಿಗೆ ಹಾಕಿಕೊಂಡು ಊದಿ ಊದಿ ಕುಡದೆ.

ತಿರುಗಿ ಬಂದ್ರ
ವಿಠ್ಠಲಸಾ ನೀರಾಗ ನಿಂತು ನಗಾಕತ್ತಿದ್ದ,
ಕೈಯಾಗ ಗೌರಿಮೀನು, ಎರಡು ಕಿಲೋ ಆದೀತು.
"ದುರಗಪ್ಪ, ಎಲ್ಲಿ ಓಡಿದ್ರಿ? ಮೀನು ಇಲ್ಲೈತಿ!"
ಡಬ್ಬಿ ಇನ್ನೂ ಒದರತಿತ್ತು.
ಬಗ್ಗಿ ಗುಂಡಿ ಒತ್ತಿ ಬಂದ್ ಮಾಡಿದೆ.
ವಾರ್ಡಿನ್ಯಾಗೂ ಅವತ್ತು ಬಂದ್ ಮಾಡಿದ್ದು ನಾನ.

ಹುಲ್ಲಿನ ಮ್ಯಾಲೆ ಮೀನಿನ ಕಿವುರು ತೆರೆದು ಮುಚ್ಚತಿತ್ತು.
ಎಣಿಸಿದೆ. ನಲವತ್ತು. ಮೂವತ್ತೆರಡು.
"ಬಿಡೂಣೇನ್ರಿ?" ಅಂದೆ.
"ಏ ಹುಚ್ಚ, ಮನ್ಯಾಗ ಮಸಾಲಿ ಅರದು ಇಟ್ಟಾರ."
ಆತು. ಮೀನು ಅವಂದು.

ಬೆಳಕು ಹರಿಯೂತನಕ ನನ್ನ ಬುಡ್ಡಿ ನೋಡತ ಕುಂತೆ.
ಏರಲಿಲ್ಲ, ಇಳೀಲಿಲ್ಲ.
ಒಳಗಿನ ನೀರು ಸೈತ ಅಲುಗಲಿಲ್ಲ. ಚೊಲೋ ಅನಿಸ್ತು.
ಆರಕ್ಕ ಗಾಲಿ ಸಡಲ ಮಾಡಿ ದಾರಾ ಸುತ್ತಿದೆ.
ಬರಿ ಗಾಳ ಬಂತು.
ಹಿಟ್ಟು ಯಾವಾಗ ಹೋಗಿತ್ತೋ,
ನಾ ಓಡಿದಾಗೋ, ಎಣಸತಿದ್ದಾಗೋ.