ಎಡಗೈ ಕುಡುಗೋಲು

ಸಾಂಜೊ ಊರಿನ ಹಿಂದಿನ ಓಣಿ. ಕಡೆಯ ಹಿಮ
ಸೂರಿನಿಂದಿನ್ನೂ ತೊಟ್ಟಿಕ್ಕುತ್ತಿತ್ತು.
ಶಿಗೆನೋ ಅಜ್ಜಿ ಬಂದು ಗಂಟು ಬಿಚ್ಚಿ
ಕಳೆ ಕೀಳುವ ಮೂರು ಕುಡುಗೋಲು ಸಾಲಾಗಿಟ್ಟಳು.
ಮೂರೂ ಸವೆದದ್ದು ಒಂದೇ ಥರ, ಮೂತಿಯ ಹತ್ತಿರ,
ಯಾರನ್ನೋ ಓರೆಗಣ್ಣಲ್ಲಿ ನೋಡಿದ ಹಾಗೆ.

ಯಜಮಾನ ತೋಕುಜಿರೋ ಬೆಲೆ ಹೇಳಲಿಲ್ಲ.
ಅವಳ ಅಂಗೈ ಮಗುಚಿದ. ಜಡ್ಡು ಇದ್ದದ್ದು ಎಡಗೈಗೆ.

"ಉಣ್ಣಲು ಬಲ, ಬರೆಯಲು ಬಲ,
ಅತ್ತೆಯ ಕಣ್ಣೆದುರು ಚಹಾ ಬಗ್ಗಿಸಲೂ ಬಲ.
ಶಾಲೆಯಲ್ಲಿ ಇದನ್ನು ಬೆಂಚಿಗೆ ಕಟ್ಟುತ್ತಿದ್ದರಪ್ಪ.
ಮೂಲಂಗಿ ಸಾಲಿನ ನಡುವೆ ಮಾತ್ರ,
ಯಾರೂ ಇಲ್ಲದಾಗ..."
ಅಷ್ಟು ಹೇಳಿ ನಕ್ಕಳು, ಕದ್ದ ಹಣ್ಣು ತಿಂದವಳಂತೆ.

ಎಡಗೈ ಅಲಗೆಂದರೆ ಹಿಡಿ ತಿರುಗಿಸುವುದಲ್ಲ.
ಮೆದು ಕಬ್ಬಿಣದ ಆಚೆ ಮಗ್ಗುಲಿಗೆ ಉಕ್ಕು ಕೂರಬೇಕು,
ಇಳಿಜಾರು ಆಚೆಗೆ, ಬಾಗು ಆಚೆಗೆ.
ಯಜಮಾನ ಅಡಿಗಲ್ಲಿನ ಆ ಬದಿಗೆ ಹೋದ.
ನಾನು, ಎದುರು ನಿಂತು ಸುತ್ತಿಗೆ ಬಡಿಯುವ ಹುಡುಗಿ,
ಈ ಬದಿಗೆ ಬಂದೆ.
ಮೂರು ವರ್ಷ ಕಲಿತದ್ದೆಲ್ಲ
ಕನ್ನಡಿಯೊಳಗೆ ಹೋಗಿ ನಿಂತಿತು.

ಬಿಳಿಗಾರ ಉದುರಿಸಿ ಬೆಸೆದೆವು.
ಮೊದಲನೆಯದು ನೀರಿಗಿಳಿದೊಡನೆ ಟಿಕ್ ಎಂದಿತು,
ಕೂದಲೆಳೆ ಬಿರುಕು. ಗುಜರಿಗೆ.
ಎರಡನೆಯದಕ್ಕೆ ಬೆಸುಗೆ ಹಿಡಿಯಲಿಲ್ಲ.
ಅದೂ ಗುಜರಿಗೆ.
"ಎಡವಿದ್ದು ನಾನು," ಎಂದ ಯಜಮಾನ. "ಬಾಗಿಲು ಹಾಕು."

ದೀಪ ಆರಿಸಿ ಕತ್ತಲಲ್ಲಿ ಕಾದೆವು.
ಪೈನ್ ಇದ್ದಿಲು ಉಸಿರೆಳೆದು ಬಿಡುತ್ತಿತ್ತು.
ಮಾಗಿದ ಕಾಕಿ ಹಣ್ಣಿನ ಬಣ್ಣ, ಇನ್ನೂ ಅಲ್ಲ,
ಇನ್ನೂ ಅಲ್ಲ, ಅದರ ತೊಟ್ಟಿನ ಹತ್ತಿರದ ಬಣ್ಣ,
ಈಗ.
ನೀರು ಒಮ್ಮೆ ಕೂಗಿ ಸುಮ್ಮನಾಯಿತು.

ಮುದ್ರೆ ಒತ್ತುವಾಗ ತಡೆದ. ಹೆಸರು ಯಾವ ಮಗ್ಗುಲಿಗೆ?
ನಲವತ್ತು ವರ್ಷದಲ್ಲಿ ಕೇಳಿಕೊಳ್ಳದ ಪ್ರಶ್ನೆ.
ಕೊನೆಗೆ ಅವಳಿಗೆ ಕಾಣುವ ಕಡೆ ಒತ್ತಿದ.

ಗುರುವಾರ ಬಂದವಳು ದುಡ್ಡನ್ನು ಬಲಗೈಯಲ್ಲೇ ಎಣಿಸಿದಳು.
ಆಮೇಲೆ ಹೊಸಿಲಾಚೆ ಕುಕ್ಕರಗಾಲಲ್ಲಿ ಕೂತು
ಕಲ್ಲುಗಳ ಸಂದಿಯಲ್ಲಿ ಬೆಳೆದ ನಮ್ಮ ಕಳೆ
ಒಂದೊಂದಾಗಿ ಬೇರಿನ ಕುತ್ತಿಗೆಗೇ ಕೊಯ್ದಳು.
ಓಣಿಯಲ್ಲಿ ಹಾಲಿನವನಿದ್ದ, ಶಾಲೆಯ ಮಕ್ಕಳಿದ್ದರು.
ಅವಳು ತಲೆಯೆತ್ತಲಿಲ್ಲ, ಕೈ ಬದಲಿಸಲೂ ಇಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ
ಯಜಮಾನನ ಊಟದ ಕಡ್ಡಿಗಳು
ಎಡಗೈಯಲ್ಲಿದ್ದವು.
ಉಪ್ಪು ಮೂಲಂಗಿಯ ಹೋಳು ಜಾರಿ
ಮಡಿಲಿಗೆ ಬಿತ್ತು. ಹೆಕ್ಕಿದ. ಮತ್ತೆ ಬಿತ್ತು.
ನಾನು ನೋಡದವಳಂತೆ
ಕುಲುಮೆಗೆ ಇದ್ದಿಲು ಸುರಿದೆ.